ಚಿಗಟೇರಿ ಎಂದರೆ ಊರೋ, ಆಸ್ಪತ್ರೆಯೋ? ಕನ್ನಡ ಪುಟಕ್ಕೆ ಕೀವರ್ಡ್ ಆರಿಸುವ ಬಗೆ

‘ಚಿಗಟೇರಿ’ ಎಂದು ಫೋನಿನಲ್ಲಿ ಟೈಪ್ ಮಾಡಿದವರಿಗೆಲ್ಲ ಒಂದೇ ಉತ್ತರ ಬೇಕಿರುವುದಿಲ್ಲ. ಕೆಲವರು ಹುಡುಕುತ್ತಿರುವುದು ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಊರನ್ನು, ಅಲ್ಲಿನ ನಾರದಮುನಿ ದೇವಸ್ಥಾನವನ್ನು. ಇನ್ನು ಕೆಲವರಿಗೆ ಬೇಕಾದದ್ದು ದಾವಣಗೆರೆಯ ಜಿಲ್ಲಾ ಆಸ್ಪತ್ರೆ. ಅದರ ಹೆಸರೂ ಚಿಗಟೇರಿ ಆಸ್ಪತ್ರೆಯೇ, ಸಿ.ಜಿ. ಆಸ್ಪತ್ರೆ ಎಂದರೂ ಅದೇ. ಡಾಕ್ಟರು ಎಷ್ಟು ಗಂಟೆಗೆ ಸಿಗುತ್ತಾರೆ ಎಂದು ನೋಡಲು ಹೊರಟವರಿಗೆ ದೇವಸ್ಥಾನದ ಫೋಟೊ ಸಿಕ್ಕರೆ ಉಪಯೋಗವಿಲ್ಲ. ಹರಕೆ ತೀರಿಸಲು ಹೊರಟ ಕುಟುಂಬಕ್ಕೆ ಆಸ್ಪತ್ರೆಯ ವಿಳಾಸ ಬೇಕಿಲ್ಲ. ಈ ಇಬ್ಬರನ್ನೂ ಬೇರ್ಪಡಿಸುವುದು ಸರ್ಚ್ ಎಂಜಿನ್ನಿನ ಕೆಲಸ. ತಮ್ಮ ಪುಟ ಇವರಲ್ಲಿ ಯಾರಿಗಾಗಿ ಎಂಬುದನ್ನು ಆ ಯಂತ್ರಕ್ಕೂ ಓದುಗರಿಗೂ ಮೊದಲ ಸಾಲಿನಲ್ಲೇ ತಿಳಿಸುವುದು ಪುಟ ಬರೆಯುವವರ ಕೆಲಸ. ಕೀವರ್ಡ್ ಎಂಬ ವಿಷಯ ಇಲ್ಲಿಂದಲೇ ಶುರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಈಗ ವೆಬ್ ಪುಟ ಬೇಕಾದವರು ಬಹಳ ಮಂದಿ ಇದ್ದಾರೆ. ದೇವಸ್ಥಾನದ ಸಮಿತಿ, ಬೀಜ-ಗೊಬ್ಬರದ ಅಂಗಡಿ, ರೈತ ಉತ್ಪಾದಕರ ಕಂಪನಿ, ಪದವಿಪೂರ್ವ ಕಾಲೇಜು, ಜಾತ್ರೆಗೆ ಬರುವವರನ್ನು ನಂಬಿದ ಲಾಡ್ಜು, ಊರಿನ ಇತಿಹಾಸ ಬರೆದಿಡಬೇಕೆಂಬ ನಿವೃತ್ತ ಮೇಷ್ಟ್ರು. ಇವರಿಗೆಲ್ಲ ಸಿಗುವ ಸಲಹೆ ಇಂಗ್ಲಿಷಿನದು, ಅದೂ ಲಕ್ಷಾಂತರ ಪುಟಗಳು ಒಂದೇ ಪದಕ್ಕೆ ಜಗ್ಗಾಡುವ ಮಾರುಕಟ್ಟೆಗೆಂದು ಬರೆದದ್ದು. ನಮ್ಮ ಸೀಮೆಯ ಸಮಸ್ಯೆ ಅದಕ್ಕೆ ತದ್ವಿರುದ್ಧ. ಇಲ್ಲಿ ಪ್ರಶ್ನೆ ಕೇಳುವವರಿದ್ದಾರೆ, ಉತ್ತರ ಬರೆದಿಟ್ಟ ಪುಟವೇ ಇರುವುದಿಲ್ಲ. ಸರಿಯಾದ ಪದದಲ್ಲಿ, ಸರಿಯಾದ ಲಿಪಿಯಲ್ಲಿ ಬರೆದ ಒಂದು ನೇರವಾದ ಪುಟ ಇಲ್ಲಿ ಮೇಲೆ ಬರುವ ಸಾಧ್ಯತೆ ಬೆಂಗಳೂರಿನ ಯಾವುದೇ ವ್ಯಾಪಾರದ ಪುಟಕ್ಕಿಂತ ಹೆಚ್ಚು. ಈ ಅವಕಾಶ ನಮ್ಮ ಕಣ್ಣೆದುರಿಗೇ ಇದೆ, ಅದನ್ನು ಬಿಡಬಾರದು ಎಂಬುದೇ ಈ ಲೇಖನದ ಕಾಳಜಿ.

ಪದ ಇರುವುದು ಕೇಳುವವರ ಬಾಯಲ್ಲಿ

ಬರೆಯುವವರಿಗೆ ಇಷ್ಟವಾದ ಪದ ಕೀವರ್ಡ್ ಆಗುವುದಿಲ್ಲ. ಹುಡುಕುವವರು ಟೈಪ್ ಮಾಡುವ, ಅಥವಾ ಫೋನಿನ ಮೈಕ್ ಒತ್ತಿ ಹೇಳುವ ಪದವೇ ಕೀವರ್ಡ್. ಇದನ್ನು ಎಲ್ಲರೂ ಒಪ್ಪುತ್ತಾರೆ, ಬರೆಯಲು ಕುಳಿತಾಗ ಮಾತ್ರ ಮರೆಯುತ್ತಾರೆ.

ಮೆಕ್ಕೆಜೋಳವನ್ನೇ ನೋಡಿ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಮಳೆ ನಂಬಿದ ಹೊಲಗಳಲ್ಲಿ ಅದು ದೊಡ್ಡ ಬೆಳೆ. ತುಂಗಭದ್ರೆ ದಾಟಿ ಹಾವೇರಿ, ಧಾರವಾಡದ ಕಡೆ ಹೋದರೆ ಅದೇ ಬೆಳೆ ಗೋವಿನಜೋಳ. ಮೈಸೂರು ಸೀಮೆಯಲ್ಲಿ, ಹಾಗೆಯೇ ಎಷ್ಟೋ ಕೃಷಿ ಕೈಪಿಡಿಗಳಲ್ಲಿ ಅದು ಮುಸುಕಿನ ಜೋಳ. ಕೊಟ್ಟೂರಿನ ಅಂಗಡಿಯೊಂದು ಕೈಪಿಡಿ ನೋಡಿಕೊಂಡು ‘ಮುಸುಕಿನ ಜೋಳದ ಬಿತ್ತನೆ ಬೀಜ’ ಎಂದು ಪುಟ ಬರೆದರೆ, ತನ್ನ ಗಿರಾಕಿಗಳು ಆಡದ ಪದದಲ್ಲಿ ಬರೆದಂತಾಯಿತು. ಶೇಂಗಾ, ಕಡಲೆಕಾಯಿ, ನೆಲಗಡಲೆ; ಉಳ್ಳಾಗಡ್ಡಿ, ಈರುಳ್ಳಿ, ನೀರುಳ್ಳಿ, ಇವೂ ಹಾಗೆಯೇ. ಪುಟ ಯಾವ ಸೀಮೆಯ ರೈತರಿಗೋ ಆ ಸೀಮೆಯ ಪದ ಶೀರ್ಷಿಕೆಯಲ್ಲಿರಲಿ. ಉಳಿದ ಹೆಸರುಗಳು ಒಳಗೆ ಒಂದು ವಾಕ್ಯದಲ್ಲಿ ಬರಲಿ: ‘ಗೋವಿನಜೋಳ, ಮುಸುಕಿನ ಜೋಳ ಎಂದೂ ಕರೆಯುವ ಮೆಕ್ಕೆಜೋಳ’. ಓದುವವರಿಗೆ ಅದು ಮಾಹಿತಿ, ಯಂತ್ರಕ್ಕೆ ಅದು ಸುಳಿವು.

ರೋಗ, ಕೀಟದ ಹೆಸರುಗಳಲ್ಲಿ ಈ ಅಂತರ ಇನ್ನೂ ಹೆಚ್ಚು. ಸ್ಪೊಡಾಪ್ಟೆರಾ ಫ್ರುಜಿಪರ್ಡಾ ಎಂಬ ಕೀಟ ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ನಮ್ಮದೇ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಇಲಾಖೆಯ ಪ್ರಕಟಣೆಗಳು ಅದನ್ನು ಫಾಲ್ ಸೈನಿಕ ಹುಳು ಎನ್ನುತ್ತವೆ. ರೈತರ ಮಾತಿನಲ್ಲಿ ಅದು ಲದ್ದಿ ಹುಳು, ಅಥವಾ ಬರೀ ‘ಸುಳಿ ತಿನ್ನೋ ಹುಳ’. ಎಷ್ಟೋ ಜನ ಕೀಟನಾಶಕಕ್ಕೆ ಔಷಧಿ ಎನ್ನುತ್ತಾರೆ, ಎಣ್ಣೆ ಎನ್ನುವವರೂ ಉಂಟು. ಬೆಳೆ ಹಾಳಾಗುತ್ತಿರುವ ಹೊತ್ತಿನಲ್ಲಿ ಬದುವಿನ ಮೇಲೆ ನಿಂತು ಹುಡುಕುವವರು ‘ಮೆಕ್ಕೆಜೋಳದ ಸುಳಿ ಹುಳಕ್ಕೆ ಯಾವ ಔಷಧಿ’ ಎಂದೇ ಕೇಳುತ್ತಾರೆ. ‘ಸಮಗ್ರ ಕೀಟ ನಿರ್ವಹಣಾ ಕ್ರಮಗಳು’ ಎಂಬ ಶೀರ್ಷಿಕೆಯ ಪುಟದಲ್ಲಿ ಸರಿಯಾದ ಉತ್ತರವೇ ಇರಬಹುದು. ಆದರೆ ಕೇಳಿದ ಮಾತಿಗೂ ಆ ಶೀರ್ಷಿಕೆಗೂ ಹೊಂದುವ ಪದ ಒಂದೂ ಇಲ್ಲ.

ಅಂಕಸಮುದ್ರದ ಉದಾಹರಣೆಯೂ ಇಲ್ಲಿ ಬರಬೇಕು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಈ ಕೆರೆ 2024ರ ಜನವರಿಯಲ್ಲಿ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದರ ಅಧಿಕೃತ ಹೆಸರು ‘ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ’. ಜನ ಕೇಳುವುದು ‘ಅಂಕಸಮುದ್ರ ಪಕ್ಷಿಧಾಮ’. ಕಾನೂನಿನ ಪ್ರಕಾರ ಪಕ್ಷಿಧಾಮ ಬೇರೆ, ಸಂರಕ್ಷಣಾ ಮೀಸಲು ಬೇರೆ ಎಂಬುದು ನಿಜ. ಹಾಗೆಂದು ಜನರ ಪದವನ್ನು ಪುಟದಿಂದ ಹೊರಗಿಟ್ಟರೆ ಆ ವ್ಯತ್ಯಾಸವನ್ನು ತಿಳಿಸುವ ಅವಕಾಶವೂ ಹೋಗುತ್ತದೆ. ಶೀರ್ಷಿಕೆಯಲ್ಲಿ ಅಂಕಸಮುದ್ರ ಪಕ್ಷಿಧಾಮ ಎಂದಿರಲಿ, ಮೊದಲ ಪ್ಯಾರಾದಲ್ಲಿ ಅಧಿಕೃತ ಹೆಸರು ಬರಲಿ.

ಈ ಪದಗಳನ್ನು ಸಂಗ್ರಹಿಸುವುದು ಹೇಗೆ? ಅಂಗಡಿಯ ಗಲ್ಲಾದ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಬಂದವರು ಆಡುವ ಮೊದಲ ವಾಕ್ಯವನ್ನು ತಿದ್ದದೆ, ಗ್ರಾಂಥಿಕ ಮಾಡದೆ, ಆಡಿದಂತೆಯೇ ಬರೆದುಕೊಳ್ಳಿ. ದೇವಸ್ಥಾನದ ಕಚೇರಿಗೆ ಬರುವ ಫೋನ್ ಕರೆಗಳನ್ನೂ ಹೀಗೆಯೇ ಬರೆಯಿರಿ: ‘ಅಮಾವಾಸ್ಯೆ ದಿನ ಬಸ್ ಇರ್ತಾವಾ?’ ‘ಉಳ್ಕೊಳಾಕ ರೂಮು ಸಿಗ್ತಾವೇನ್ರಿ?’ ಕೆಲವು ವಾರ ಕಳೆದರೆ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಮರುಕಳಿಸುವುದು ಕಾಣುತ್ತದೆ. ಅಂಥ ಪ್ರಶ್ನೆಗಳ ಗುಂಪು ಒಂದೊಂದೂ ಒಂದು ಪುಟ, ಅಥವಾ ಒಂದು ಪುಟದ ಉಪಶೀರ್ಷಿಕೆ.

ಇಂಥ ಕೆಲಸಕ್ಕೆ ಉಚಿತ ಸಾಧನಗಳಿವೆಯಲ್ಲ ಎನ್ನಬಹುದು. ಇವೆ, ಬಳಸಬೇಕು. ಗೂಗಲ್‌ನ ಚೌಕದಲ್ಲಿ ‘ಹರಪನಹಳ್ಳಿ’ ಎಂದು ಬರೆದು ನಿಲ್ಲಿಸಿದರೆ ಕೆಳಗೆ ಬರುವ ಸಲಹೆಗಳು, ಫಲಿತಾಂಶದ ನಡುವೆ ಬರುವ ಸಂಬಂಧಿತ ಪ್ರಶ್ನೆಗಳು, ಗೂಗಲ್ ಟ್ರೆಂಡ್ಸ್, ಜಾಹೀರಾತುದಾರರಿಗೆಂದು ಇರುವ ಕೀವರ್ಡ್ ಪ್ಲಾನರ್, ಇವುಗಳಿಂದ ದೊಡ್ಡ ಪದಗಳ ಅಂದಾಜು ಸಿಗುತ್ತದೆ. ಆದರೆ ಚಿಗಟೇರಿಯಂಥ ಊರಿನ ಮಟ್ಟಕ್ಕೆ ಇಳಿದಾಗ ಇವು ಬಹುಪಾಲು ಮೌನ. ಟ್ರೆಂಡ್ಸ್ ಸಾಕಷ್ಟು ದತ್ತಾಂಶವಿಲ್ಲ ಎನ್ನುತ್ತದೆ, ಪ್ಲಾನರ್ ಅಂಕಿಯನ್ನೇ ತೋರಿಸುವುದಿಲ್ಲ. ಕೆಲವೇ ಜನ ಕೇಳಿದ ಪ್ರಶ್ನೆಗಳನ್ನು ಅವರ ಖಾಸಗಿತನ ಕಾಯಲು ಗೂಗಲ್ ಬೇಕೆಂದೇ ಮರೆಮಾಡುತ್ತದೆ. ಸಾಧನ ಸುಮ್ಮನಿದ್ದರೆ ಯಾರೂ ಕೇಳುತ್ತಿಲ್ಲ ಎಂದು ತಿಳಿಯಬೇಡಿ. ಸಣ್ಣ ಊರಿನ ಮಟ್ಟಿಗೆ ಗಲ್ಲಾದ ಪಕ್ಕದ ನೋಟ್‌ಬುಕ್ಕೇ ಹೆಚ್ಚು ನಂಬಿಕಸ್ಥ ಸಾಧನ.

ಕೇಳಿದ್ದೇನು, ಬೇಕಾದದ್ದೇನು

ಒಂದೇ ಪದದ ಹಿಂದೆ ಬೇರೆ ಬೇರೆ ಅಗತ್ಯಗಳಿರುತ್ತವೆ. ಆಂಡ್ರೇ ಬ್ರೋಡರ್ ಎಂಬ ಕಂಪ್ಯೂಟರ್ ವಿಜ್ಞಾನಿ 2002ರಲ್ಲಿ ಹುಡುಕಾಟಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಒಂದು ನಿರ್ದಿಷ್ಟ ತಾಣಕ್ಕೆ ಹೋಗಬೇಕು ಎನ್ನುವುದು, ವಿಷಯ ತಿಳಿಯಬೇಕು ಎನ್ನುವುದು, ಏನಾದರೂ ಕೆಲಸ ಮುಗಿಸಿಕೊಳ್ಳಬೇಕು ಎನ್ನುವುದು. ಈ ವಿಂಗಡಣೆ ಇಂದಿಗೂ ಉಪಯೋಗಕ್ಕೆ ಬರುತ್ತದೆ. ‘ಮೆಕ್ಕೆಜೋಳ ಇವತ್ತಿನ ರೇಟು’ ಎಂದು ಕೇಳಿದವರಿಗೆ ಮೆಕ್ಕೆಜೋಳ ಅಮೆರಿಕ ಖಂಡದಿಂದ ಬಂದ ಕತೆ ಬೇಡ. ಎಪಿಎಂಸಿಯ ಹೆಸರು, ದಿನಾಂಕ, ಕ್ವಿಂಟಲ್‌ಗೆ ಎಷ್ಟು ಎಂಬುದು ಮೊದಲ ಪರದೆಯಲ್ಲೇ ಕಾಣಬೇಕು. ‘ಹಡಗಲಿ ಮಲ್ಲಿಗೆ’ ಎಂದಾಗ ಸ್ವಲ್ಪ ಯೋಚಿಸಬೇಕಾಗುತ್ತದೆ. ಭೌಗೋಳಿಕ ಗುರುತು ಪಡೆದ ಆ ಹೂವಿನ ವಿಷಯ ತಿಳಿಯಲು ಬಂದ ವಿದ್ಯಾರ್ಥಿ ಇರಬಹುದು, ಸಸಿ ಎಲ್ಲಿ ಸಿಗುತ್ತದೆ ಎನ್ನುವ ರೈತ ಇರಬಹುದು, ಮದುವೆಗೆ ಹೂವು ಬೇಕಾದ ಮನೆಯವರಿರಬಹುದು. ಮೂವರಿಗೂ ಒಂದೇ ಪುಟದಲ್ಲಿ ಉತ್ತರಿಸಲು ಹೋದರೆ ಯಾರಿಗೂ ಪೂರ್ತಿ ಸಿಗುವುದಿಲ್ಲ. ಸಸಿ ಮಾರುವವರು ‘ಹಡಗಲಿ ಮಲ್ಲಿಗೆ ಸಸಿ’ ಎಂಬಷ್ಟು ಕಿರಿದಾದ ಪದವನ್ನೇ ಹಿಡಿಯಲಿ. ಕೇಳುವವರು ಕಡಿಮೆ, ಆದರೆ ಬಂದವರು ಕೊಳ್ಳಲೆಂದೇ ಬಂದವರು.

ಗುರುತು ಬೆರೆಯುವ ಹೆಸರುಗಳಿಗೆ ಜತೆಪದ ಬೇಕೇ ಬೇಕು. ಉಜ್ಜಿನಿ ಎಂದರೆ ಕೊಟ್ಟೂರು ತಾಲ್ಲೂಕಿನ ಮರುಳಸಿದ್ಧೇಶ್ವರ ಪೀಠದ ಊರು. ಅದನ್ನೇ ಉಜ್ಜಯಿನಿ ಎಂದು ಬರೆದರೆ ಓದುಗರು ಮಧ್ಯಪ್ರದೇಶದ ಮಹಾಕಾಲನ ಸನ್ನಿಧಿಗೆ ಹೋಗಿ ನಿಲ್ಲುತ್ತಾರೆ. ಮೈಲಾರ ಎಂದರೆ ಹಡಗಲಿ ತಾಲ್ಲೂಕಿನ ಮೈಲಾರಲಿಂಗನ ಕ್ಷೇತ್ರವೂ ಹೌದು, ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವರ ಹೆಸರೂ ಹೌದು. ಹಾಗಾಗಿ ‘ಉಜ್ಜಿನಿ ಮರುಳಸಿದ್ಧೇಶ್ವರ, ಕೊಟ್ಟೂರು ತಾಲ್ಲೂಕು’, ‘ಮೈಲಾರ ಕಾರ್ಣಿಕ, ಹೂವಿನಹಡಗಲಿ’ ಎಂದು ಜತೆಗೂಡಿಸಿ ಬರೆಯಿರಿ. ಚಿಗಟೇರಿಗೆ ‘ನಾರದಮುನಿ’ ಎಂಬುದೇ ಎಲ್ಲಕ್ಕಿಂತ ಗಟ್ಟಿಯಾದ ಜತೆಪದ.

ಜಿಲ್ಲೆ ಬದಲಾಗುತ್ತದೆ, ಬೆರಳಿನ ರೂಢಿ ಬದಲಾಗದು

ಹರಪನಹಳ್ಳಿಯಷ್ಟು ಸಲ ಜಿಲ್ಲೆ ಬದಲಿಸಿದ ತಾಲ್ಲೂಕು ರಾಜ್ಯದಲ್ಲಿ ಅಪರೂಪ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದು ಬಳ್ಳಾರಿಯಿಂದ ಅಲ್ಲಿಗೆ ಸೇರಿತು. ಸಂವಿಧಾನದ 371 ಜೆ ವಿಧಿಯ ಸೌಲಭ್ಯಕ್ಕಾಗಿ ನಡೆದ ಹೋರಾಟದ ನಂತರ 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ಇದರ ಜೊತೆಗೆ 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ಬರೆಯುವ ಬಳ್ಳಾರಿ, ಹೊಸಪೇಟೆ ಮುಂತಾದ ಊರುಗಳ ಹೆಸರು ಕನ್ನಡದ ಉಚ್ಚಾರಕ್ಕೆ ತಕ್ಕಂತೆ ಬದಲಾಯಿತು. ಹೊರಗೆ ನೌಕರಿಯಲ್ಲಿರುವವರು, ಹಳೆಯ ದಾಖಲೆ ಹಿಡಿದು ಹುಡುಕುವವರು ಈಗಲೂ ‘ಹರಪನಹಳ್ಳಿ ದಾವಣಗೆರೆ ಜಿಲ್ಲೆ’ ಎಂದೇ ಬರೆಯುವುದುಂಟು.

ಅವರನ್ನು ತಿದ್ದಲು ಹೋಗದೆ ಬರಮಾಡಿಕೊಳ್ಳುವ ಒಂದು ವಾಕ್ಯ ಪುಟದಲ್ಲಿರಲಿ: ‘1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿದ್ದ, ನಂತರ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹರಪನಹಳ್ಳಿ ತಾಲ್ಲೂಕು’. ಮೂರೂ ಜಿಲ್ಲೆಯ ಹೆಸರು ಬಂತು, ಒಂದೂ ತುರುಕಿದಂತೆ ಕಾಣಲಿಲ್ಲ, ಓದುಗರಿಗೆ ನಿಜವಾದ ಮಾಹಿತಿಯೂ ಸಿಕ್ಕಿತು. ಕೀವರ್ಡನ್ನು ವಾಕ್ಯದೊಳಗೆ ಸೇರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಕೊಡಲಾರೆ. ಆ ಪದಕ್ಕೆ ಆ ವಾಕ್ಯದಲ್ಲಿ ಒಂದು ಕೆಲಸವಿರಬೇಕು.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಹುಡುಕುವವರ ಸಂಖ್ಯೆಯೂ ದೊಡ್ಡದು. ಕೊಟ್ಟೂರಿನ ಕೊನೆಗೆ ‘ಯು’ ಅಕ್ಷರ ಸೇರಿಸುವವರಿದ್ದಾರೆ, ಬಿಡುವವರಿದ್ದಾರೆ. ಹೂವಿನಹಡಗಲಿಯ ಹೂವಿಗೆ ಕೆಲವರು ಎರಡು ‘ಓ’ ಬರೆದರೆ ಕೆಲವರು ಒಂದೇ ‘ಯು’ ಬರೆಯುತ್ತಾರೆ. ಹಗರಿಬೊಮ್ಮನಹಳ್ಳಿಯಂತೂ ಬಹುಮಂದಿಗೆ ಎಚ್.ಬಿ. ಹಳ್ಳಿ. ಈ ಎಲ್ಲ ರೂಪಗಳನ್ನೂ ಪುಟದಲ್ಲಿ ಸಾಲಾಗಿ ಪೋಣಿಸುವ ಅಗತ್ಯವಿಲ್ಲ, ಸಾಮಾನ್ಯ ಕಾಗುಣಿತ ವ್ಯತ್ಯಾಸಗಳನ್ನು ಸರ್ಚ್ ಎಂಜಿನ್ನುಗಳು ತಾವೇ ಹೊಂದಿಸಿಕೊಳ್ಳುತ್ತವೆ. ಪುಟದ ವಿಳಾಸದಲ್ಲಿ ಹೆಚ್ಚು ಬಳಕೆಯ ಇಂಗ್ಲಿಷ್ ರೂಪವೊಂದು, ಶೀರ್ಷಿಕೆಯ ಕೆಳಗೆ ಇಂಗ್ಲಿಷಿನಲ್ಲಿ ಊರಿನ ಹೆಸರಿನ ಒಂದು ಸಾಲು, ಇಷ್ಟು ಸಾಕು. ಪ್ರವಾಸಿಗರೂ ಬೇಕೆನ್ನುವವರು ಇಂಗ್ಲಿಷಿಗೆ ಪ್ರತ್ಯೇಕ ಪುಟವನ್ನೇ ಮಾಡಲಿ. ಪುಟದ ಭಾಷೆ ಯಾವುದು ಎಂಬುದನ್ನು ಗೂಗಲ್ ಕಣ್ಣಿಗೆ ಕಾಣುವ ಬರಹದಿಂದಲೇ ನಿರ್ಧರಿಸುತ್ತದೆ. ಒಂದೇ ಪುಟದಲ್ಲಿ ಸಾಲು ಬಿಟ್ಟು ಸಾಲು ಎರಡು ಭಾಷೆ ಬೆರೆಸಿದರೆ ಅದಕ್ಕೂ ಗೊಂದಲ, ಓದುಗರಿಗೂ ಕಷ್ಟ.

ಕನ್ನಡದಲ್ಲಿ ಬರೆದಿದ್ದರೂ ಕನ್ನಡವಲ್ಲದ ಪುಟ

ಇದು ಇಂಗ್ಲಿಷ್ ಕೈಪಿಡಿಗಳು ಸಾಮಾನ್ಯವಾಗಿ ಹೇಳದ ಸಂಗತಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪ್ರಿಂಟಿಂಗ್ ಪ್ರೆಸ್, ಪಂಚಾಯಿತಿ ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ದಶಕಗಳ ಕಾಲ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಂಗ್ ನಡೆದಿದೆ. ಅವುಗಳಲ್ಲಿ ಕಂಪ್ಯೂಟರ್ ಒಳಗೆ ಉಳಿಯುವುದು ಇಂಗ್ಲಿಷ್ ಕೀಲಿಗಳ ಸಂಕೇತ. ಫಾಂಟು ಅದರ ಮೇಲೆ ಕನ್ನಡದ ಆಕಾರ ತೊಡಿಸುತ್ತದೆ. ಫಾಂಟು ತೆಗೆದರೆ ಉಳಿಯುವುದು ಅರ್ಥವಿಲ್ಲದ ಅಕ್ಷರಗಳ ರಾಶಿ, ಸರ್ಚ್ ಎಂಜಿನ್ ಓದುವುದೂ ಅದನ್ನೇ. ಅಂಥ ಪುಟದಲ್ಲಿ ‘ಚಿಗಟೇರಿ’ ಎಷ್ಟು ಸಲ ಬಂದರೂ ಯಂತ್ರದ ಮಟ್ಟಿಗೆ ಬಂದೇ ಇಲ್ಲ.

ಪರೀಕ್ಷೆ ಸುಲಭ. ಕಡತದ ಒಂದು ಸಾಲನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ. ಕನ್ನಡವಾಗಿಯೇ ಕಂಡರೆ ಅದು ಯುನಿಕೋಡ್ ಎಂಬ ಹೊಸ ಸಂಕೇತ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಹಳೆಯ ಸಂಕೇತ. ಪರಿವರ್ತಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಪರಿವರ್ತನೆಯ ನಂತರ ಅರ್ಕಾವತ್ತು, ಒತ್ತಕ್ಷರಗಳು ಸರಿಯಾಗಿವೆಯೇ ಎಂದು ಕಣ್ಣಿಟ್ಟು ಓದಬೇಕು, ತಪ್ಪು ನುಸುಳುವುದು ಅಲ್ಲಿಯೇ.

ಇದಕ್ಕಿಂತ ಸೂಕ್ಷ್ಮವಾದದ್ದು ಸೊನ್ನೆಯ ಸಮಸ್ಯೆ. ಅನುಸ್ವಾರದ ಬಿಂದುವೂ ಕನ್ನಡದ ಅಂಕಿ ಸೊನ್ನೆಯೂ ನೋಡಲು ಹೆಚ್ಚುಕಡಿಮೆ ಒಂದೇ. ಟೈಪ್ ಮಾಡುವವರು ಎಷ್ಟೋ ಸಲ ಒಂದರ ಜಾಗದಲ್ಲಿ ಇನ್ನೊಂದನ್ನು ಒತ್ತಿರುತ್ತಾರೆ. ‘ಅಂಕಸಮುದ್ರ’ ಎಂದು ಸರಿಯಾಗಿ ಬರೆದದ್ದೂ, ನಡುವೆ ಸೊನ್ನೆ ಹಾಕಿ ‘ಅ೦ಕಸಮುದ್ರ’ ಎಂದು ಬರೆದದ್ದೂ ಕಣ್ಣಿಗೆ ಒಂದೇ ಪದ, ಕಂಪ್ಯೂಟರಿಗೆ ಎರಡು. ಹಳೆಯ ಕಡತ ಹಾಕುವ ಮುನ್ನ ಬಿಂದು ಬರುವ ಒಂದು ಪದವನ್ನು ಹೊಸದಾಗಿ ಟೈಪ್ ಮಾಡಿ ಪುಟದೊಳಗೆ ಹುಡುಕಿ ನೋಡಿ. ಸಿಗದಿದ್ದರೆ ಇದೇ ಕಾರಣವಿರಬಹುದು.

ಜಾತ್ರೆಯ ಕರಪತ್ರ, ಕಾಲೇಜಿನ ಪ್ರವೇಶ ಪ್ರಕಟಣೆ, ಬೀಜದ ದರಪಟ್ಟಿ ಎಲ್ಲವನ್ನೂ ಫೋಟೊ ಮಾಡಿ ಹಾಕುವ ರೂಢಿ ನಮ್ಮಲ್ಲಿ ಬಲವಾಗಿದೆ. ಚಿತ್ರದೊಳಗಿನ ಅಕ್ಷರವನ್ನು ಯಂತ್ರ ಓದುತ್ತದೆ ಎಂದು ನಂಬಬೇಡಿ. ಚಿತ್ರ ಇರಲಿ, ಅದರ ಕೆಳಗೆ ಅದೇ ಮಾಹಿತಿ ಪಠ್ಯವಾಗಿಯೂ ಇರಲಿ. ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್ (ಚಿತ್ರದ ಬದಲಿ ವಿವರಣೆ) ಬರೆಯುವಾಗ ಚಿತ್ರದಲ್ಲಿ ಏನಿದೆಯೋ ಅದನ್ನೇ ಹೇಳಿ: ‘ಚಿಗಟೇರಿ ನಾರದಮುನಿ ದೇವಸ್ಥಾನದ ಮುಂಭಾಗ’. ಕಣ್ಣು ಕಾಣದವರ ಫೋನು ಆ ಸಾಲನ್ನು ಓದಿ ಹೇಳುತ್ತದೆ. ಆ ಕಾರಣಕ್ಕಾದರೂ ಅಲ್ಲಿ ಕೀವರ್ಡ್‌ಗಳ ಮಾಲೆ ಕಟ್ಟಬಾರದು.

ವಿಭಕ್ತಿ, ಸಂಧಿಗಳ ವಿಷಯವೂ ಉಂಟು. ಕೊಟ್ಟೂರು, ಕೊಟ್ಟೂರಿನಲ್ಲಿ, ಕೊಟ್ಟೂರಿಗೆ, ಕೊಟ್ಟೂರೇಶ್ವರ ಎಂದು ಪದದ ಕೊನೆ ಕರಗುತ್ತಾ ಹೋಗುತ್ತದೆ. ಇವೆಲ್ಲ ಒಂದೇ ಮೂಲದವೆಂದು ನಮಗೆ ಸಹಜವಾಗಿ ತಿಳಿಯುತ್ತದೆ. ಯಂತ್ರಕ್ಕೆ ಅದು ಯಾವಾಗಲೂ ಸಲೀಸಲ್ಲ. ಹಾಗಾಗಿ ಶೀರ್ಷಿಕೆಯಲ್ಲಿ, ಉಪಶೀರ್ಷಿಕೆಯಲ್ಲಿ ಒಮ್ಮೆಯಾದರೂ ಪ್ರತ್ಯಯವಿಲ್ಲದ ಹೆಸರು ನಿಲ್ಲಲಿ. ಒಳಗಿನ ಬರಹದಲ್ಲಿ ಕನ್ನಡ ತನ್ನ ಪಾಡಿಗೆ ಹರಿಯಲಿ.

ಎಲ್ಲಿ ಇಡಬೇಕು, ಎಷ್ಟು ಇಡಬೇಕು

ಮುಖ್ಯ ಪದ ನಿಲ್ಲಬೇಕಾದ ಜಾಗಗಳು ಕೆಲವೇ. ಫಲಿತಾಂಶದಲ್ಲಿ ನೀಲಿಯಾಗಿ ಕಾಣುವ ಶೀರ್ಷಿಕೆ, ಪುಟದ ತಲೆಬರಹ, ಮೊದಲ ಪ್ಯಾರಾ, ಸೂಕ್ತವಾದ ಒಂದೆರಡು ಉಪಶೀರ್ಷಿಕೆ, ಬೇರೆ ಪುಟಗಳಿಂದ ಇಲ್ಲಿಗೆ ಕೊಡುವ ಲಿಂಕಿನ ಮಾತು. ‘ಇಲ್ಲಿ ಒತ್ತಿ’ ಎಂಬ ಲಿಂಕಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ, ‘ಚಿಗಟೇರಿಗೆ ಬಸ್ಸುಗಳ ವೇಳೆ’ ಎಂಬುದರಿಂದ ತಿಳಿಯುತ್ತದೆ. ಶೀರ್ಷಿಕೆಗೆ ಇಷ್ಟೇ ಅಕ್ಷರ ಎಂಬ ನಿಯಮವಿಲ್ಲ, ಆದರೆ ಪರದೆಯ ಅಗಲ ಮೀರಿದ್ದು ಕತ್ತರಿಸಿಹೋಗುತ್ತದೆ. ಕನ್ನಡದ ಅಕ್ಷರಗಳು ಅಗಲ, ಆದ್ದರಿಂದ ಮುಖ್ಯ ಪದ ಮುಂದೆಯೇ ಬರಲಿ.

ನಾರದಮುನಿ ದೇವಸ್ಥಾನಕ್ಕೊಂದು ಪುಟ ಬರೆಯುತ್ತೇವೆ ಎನ್ನೋಣ. ‘ಸುಸ್ವಾಗತ’ ಎಂಬ ಶೀರ್ಷಿಕೆ ವ್ಯರ್ಥ. ‘ಚಿಗಟೇರಿ ದೇವಸ್ಥಾನ, ಚಿಗಟೇರಿ ಜಾತ್ರೆ, ಚಿಗಟೇರಿ ನಾರದಮುನಿ, ಚಿಗಟೇರಿ ರೂಮು’ ಎಂಬುದು ಕಿರಿಕಿರಿ. ‘ಚಿಗಟೇರಿ ನಾರದಮುನಿ ದೇವಸ್ಥಾನ: ದರ್ಶನದ ವೇಳೆ, ದಾರಿ, ವಸತಿ’ ಎಂದರೆ ಯಾರಿಗೆ ಏನು ಸಿಗುತ್ತದೆ ಎಂಬುದು ಸ್ಪಷ್ಟ. ಮೊದಲ ಪ್ಯಾರಾ ಹೀಗಿರಬಹುದು: ‘ವಿಜಯನಗರ ಜಿಲ್ಲೆ ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯಲ್ಲಿರುವ ನಾರದಮುನಿ ದೇವಸ್ಥಾನಕ್ಕೆ ಬರುವವರಿಗೆ ಬೇಕಾದ ಮಾಹಿತಿ ಇಲ್ಲಿದೆ. ದಾವಣಗೆರೆಯ ಚಿಗಟೇರಿ ಆಸ್ಪತ್ರೆ ಬೇರೆ. ಅದು ದಾವಣಗೆರೆ ನಗರದಲ್ಲಿದೆ.’ ಕೊನೆಯ ಸಾಲು ದೇವಸ್ಥಾನದ ಪುಟದಲ್ಲಿ ಯಾಕೆ ಎನಿಸಬಹುದು. ತಪ್ಪಿ ಬಂದ ರೋಗಿಯ ಕಡೆಯವರಿಗೆ ಆ ಒಂದು ಸಾಲು ಸಮಯ ಉಳಿಸುತ್ತದೆ. ಅದರ ಕೆಳಗೆ ನೋಟ್‌ಬುಕ್ಕಿನ ಪ್ರಶ್ನೆಗಳೇ ಉಪಶೀರ್ಷಿಕೆಗಳಾಗಲಿ: ‘ಹರಪನಹಳ್ಳಿಯಿಂದ ಚಿಗಟೇರಿಗೆ ಬಸ್’, ‘ಅಮಾವಾಸ್ಯೆಯ ದಿನದ ವ್ಯವಸ್ಥೆ’, ‘ಉಳಿದುಕೊಳ್ಳಲು ಕೊಠಡಿ’. ಗೂಗಲ್‌ನ ಧ್ವನಿ ಹುಡುಕಾಟ 2017ರಿಂದ ಕನ್ನಡದಲ್ಲೂ ಇದೆ. ಮಾತಿನಲ್ಲಿ ಕೇಳುವವರು ಬಿಡಿ ಪದಗಳ ಬದಲು ಪೂರ್ತಿ ವಾಕ್ಯವನ್ನೇ ಹೇಳುತ್ತಾರೆ, ಇಂಥ ಉಪಶೀರ್ಷಿಕೆಗಳು ಅದಕ್ಕೆ ಚೆನ್ನಾಗಿ ಹೊಂದುತ್ತವೆ.

ನೂರು ಪದಕ್ಕೆ ಎಷ್ಟು ಸಲ ಕೀವರ್ಡ್ ಬರಬೇಕು ಎಂದು ಲೆಕ್ಕ ಹೇಳುವವರನ್ನು ನಂಬಬೇಡಿ. ಅಂಥ ಸಂಖ್ಯೆ ಇಲ್ಲ. ಪುಟದ ಒಳಸಂಕೇತದಲ್ಲಿ ಕೀವರ್ಡ್ ಪಟ್ಟಿ ಬಚ್ಚಿಡುವ ಹಳೆಯ ಟ್ಯಾಗನ್ನು ತಾನು ಶ್ರೇಯಾಂಕಕ್ಕೆ ಗಣಿಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ಹೇಳಿತು. ಆ ಟ್ಯಾಗ್ ತುಂಬಿಕೊಡಲು ಇಂದಿಗೂ ಹಣ ಕೇಳುವವರಿದ್ದರೆ ಕೊಡಬೇಡಿ. ಒಂದೇ ಪದವನ್ನು ತುರುಕುವುದು, ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಊರುಗಳ ಹೆಸರು ಬರೆಯುವುದು ಗೂಗಲ್‌ನ ನಿಯಮದ ಪ್ರಕಾರ ಸ್ಪ್ಯಾಮ್. ಪಾಂಡಾ ಎಂಬ 2011ರ ಬದಲಾವಣೆಯಿಂದ ಗೂಗಲ್‌ನಲ್ಲಿ ಟೊಳ್ಳು ಪುಟಗಳು ಕೆಳಗಿಳಿಯುತ್ತ ಬಂದವು. 2019ರಲ್ಲಿ ಬಂದ ಬರ್ಟ್ ತಂತ್ರಜ್ಞಾನದಿಂದ ಬಿಡಿ ಪದಗಳ ಜೊತೆಗೆ ಪ್ರಶ್ನೆಯ ಸಂದರ್ಭವನ್ನೂ ಅರ್ಥಮಾಡಿಕೊಳ್ಳುವ ಶಕ್ತಿ ಹೆಚ್ಚಿತು. 2024ರ ಮಾರ್ಚಿನಲ್ಲಿ, ಶ್ರೇಯಾಂಕಕ್ಕಾಗಿಯೇ ರಾಶಿ ರಾಶಿ ಪುಟ ಉತ್ಪಾದಿಸುವುದನ್ನೂ ಗೂಗಲ್ ಸ್ಪ್ಯಾಮ್ ಎಂದು ಸಾರಿತು. ಹಾಗಾಗಿ ‘ಕೂಡ್ಲಿಗಿಯಲ್ಲಿ ಬೋರ್‌ವೆಲ್ ರಿಪೇರಿ’, ‘ಕೊಟ್ಟೂರಿನಲ್ಲಿ ಬೋರ್‌ವೆಲ್ ರಿಪೇರಿ’ ಎಂದು ಊರಿನ ಹೆಸರು ಮಾತ್ರ ಬದಲಿಸಿ ಐದು ಪುಟ ಮಾಡುವ ಬದಲು, ಐದೂ ತಾಲ್ಲೂಕಿಗೆ ಹೋಗುತ್ತೇವೆ ಎನ್ನುವ ಒಂದೇ ಗಟ್ಟಿ ಪುಟ ಮಾಡಿ. ಎಲ್ಲೆಲ್ಲಿ ಎಷ್ಟು ಆಳದಲ್ಲಿ ಏನು ತೊಂದರೆ ಕಂಡಿರಿ, ಬಂದು ನೋಡಲು ಎಷ್ಟು ಖರ್ಚು ಎಂಬುದನ್ನು ಬರೆಯಿರಿ. ಅಂಥ ಅನುಭವದ ಮಾತನ್ನು ಬೇರೆಯವರು ನಕಲು ಮಾಡಲಾರರು.

ಅಂಗಡಿ, ಲಾಡ್ಜು, ಕ್ಲಿನಿಕ್ಕುಗಳಿಗೆ ಪುಟಕ್ಕಿಂತ ಮೊದಲು ಬೇಕಾದದ್ದು ಗೂಗಲ್ ಮ್ಯಾಪಿನಲ್ಲಿ ಕಾಣುವ ವ್ಯಾಪಾರದ ವಿವರ. ಅದು ಉಚಿತ. ಪ್ರಶ್ನೆಗೆ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರಾಗಿದೆ ಎಂಬ ಮೂರನ್ನು ಗೂಗಲ್ ಅಲ್ಲಿ ಮುಖ್ಯವಾಗಿ ನೋಡುತ್ತದೆ. ಬೋರ್ಡಿನ ಮೇಲಿರುವ ಹೆಸರನ್ನೇ ಹಾಕಿ. ಹೆಸರಿನ ಮುಂದೆ ‘ಬೆಸ್ಟ್ ಗೊಬ್ಬರದ ಅಂಗಡಿ ಹರಪನಹಳ್ಳಿ’ ಎಂದು ಸೇರಿಸುವುದು ನಿಯಮಕ್ಕೆ ವಿರುದ್ಧ, ವಿವರವೇ ರದ್ದಾಗಬಹುದು. ವರ್ಗ, ತೆರೆಯುವ ವೇಳೆ, ಫೋನು, ಇತ್ತೀಚಿನ ಫೋಟೊ ಸರಿಯಾಗಿದ್ದರೆ ಸಾಕು.

ಜಾತ್ರೆಗೆ ಮುಂಚೆ, ಜಾತ್ರೆಯ ನಂತರ

ನಮ್ಮ ಸೀಮೆಯ ಹುಡುಕಾಟಗಳಿಗೆ ಋತುಮಾನವಿದೆ. ಫೆಬ್ರುವರಿಯ ಸುಮಾರಿಗೆ ಮೈಲಾರದ ಕಾರ್ಣಿಕ, ಅದರ ಹಿಂದುಮುಂದೆ ಕೊಟ್ಟೂರೇಶ್ವರನ ರಥೋತ್ಸವ, ಮುಂಗಾರಿಗೆ ಬಿತ್ತನೆ ಬೀಜ, ಮೇ-ಜೂನ್‌ನಲ್ಲಿ ಕಾಲೇಜಿನ ಪ್ರವೇಶ. ರಥೋತ್ಸವದ ಹಿಂದಿನ ದಿನ ಹಾಕಿದ ಪುಟವನ್ನು ಸರ್ಚ್ ಎಂಜಿನ್ ಸಮಯಕ್ಕೆ ಸರಿಯಾಗಿ ಓದಿರುತ್ತದೆ ಎಂಬ ಭರವಸೆಯಿಲ್ಲ. ತಿಂಗಳೊಪ್ಪತ್ತು ಮೊದಲೇ ಪುಟ ಸಿದ್ಧವಿರಲಿ. ಇನ್ನೂ ಮುಖ್ಯವಾದದ್ದು, ಪ್ರತಿ ವರ್ಷ ಹೊಸ ವಿಳಾಸದಲ್ಲಿ ಹೊಸ ಪುಟ ಮಾಡಬೇಡಿ. ‘ಮೈಲಾರ ಕಾರ್ಣಿಕ’ ಎಂಬ ಒಂದೇ ಪುಟವನ್ನು ಇಟ್ಟುಕೊಂಡು ಆ ವರ್ಷದ ದಿನಾಂಕ, ಬಸ್ಸು, ವಾಹನ ನಿಲುಗಡೆಯನ್ನು ಮೇಲ್ಗಡೆ ಬದಲಿಸುತ್ತಾ ಹೋಗಿ, ಹಿಂದಿನ ವರ್ಷದ ವಿವರ ಕೆಳಗೆ ಸಂಗ್ರಹವಾಗಲಿ. ಬೇರೆಯವರು ಕೊಟ್ಟ ಲಿಂಕುಗಳ ಬಲವೆಲ್ಲ ಆಗ ಒಂದೇ ಪುಟಕ್ಕೆ ಸೇರುತ್ತದೆ. ಕಾರ್ಣಿಕ ಎಂದೂ ಕಾರಣಿಕ ಎಂದೂ ಬರೆಯುವವರಿದ್ದಾರೆ. ಶೀರ್ಷಿಕೆಗೆ ಒಂದು, ಒಳಗೆ ಇನ್ನೊಂದು ಇರಲಿ.

ಪುಟ ಹಾಕಿದ ಮೇಲೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ತಾಣವನ್ನು ನೋಂದಾಯಿಸಿ. ಇದಕ್ಕೂ ಹಣವಿಲ್ಲ. ಜನ ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಸಲ ಕಂಡಿತು, ಎಷ್ಟು ಸಲ ಒತ್ತಿದರು, ಸರಾಸರಿ ಎಷ್ಟನೆಯ ಸ್ಥಾನ ಎಂಬ 16 ತಿಂಗಳ ಲೆಕ್ಕ ಅಲ್ಲಿ ಸಿಗುತ್ತದೆ. ಅದನ್ನು ಓದುವಾಗ ನಾನು ಎರಡು ಸಾಲುಗಳನ್ನು ಹುಡುಕುತ್ತೇನೆ. ಒಂದು, ಬಹಳ ಸಲ ಕಂಡರೂ ಯಾರೂ ಒತ್ತದ ಪದ. ಅಲ್ಲಿ ಬಹಳ ಸಲ ದೋಷ ಶೀರ್ಷಿಕೆಯದು, ಪುಟದಲ್ಲಿರುವ ಉತ್ತರದ ಸುಳಿವು ಹೊರಗೆ ಕಾಣುತ್ತಿಲ್ಲ. ಇನ್ನೊಂದು, ನಾವು ಉತ್ತರವೇ ಬರೆಯದಿದ್ದರೂ ನಮ್ಮ ಪುಟವನ್ನು ತೋರಿಸಿದ ಪದ. ಚಿಗಟೇರಿ ದೇವಸ್ಥಾನದ ಪುಟಕ್ಕೆ ‘ಹರಪನಹಳ್ಳಿ ಚಿಗಟೇರಿ ಬಸ್ ಟೈಮ್’ ಎಂಬ ಪ್ರಶ್ನೆ ಬರುತ್ತಿದ್ದರೆ, ಬಸ್ಸಿನ ವೇಳೆ ಬರೆದಿಟ್ಟವರು ಆ ಸೀಮೆಯಲ್ಲಿ ಇನ್ನೂ ಯಾರೂ ಇಲ್ಲದಿರಬಹುದು. ಬಸ್ ನಿಲ್ದಾಣಕ್ಕೆ ಹೋಗಿ ಕೇಳಿ, ಬರೆದುಕೊಂಡು ಬಂದು, ಕೇಳಿದ ದಿನಾಂಕದ ಸಮೇತ ಹಾಕಿ. ಬದಲಾವಣೆಯ ಫಲ ಕಾಣಲು ಕೆಲವು ವಾರ ಹಿಡಿಯುತ್ತದೆ. ಅಷ್ಟರೊಳಗೆ ಶೀರ್ಷಿಕೆಯನ್ನು ಮತ್ತೆ ಮತ್ತೆ ಬದಲಿಸಬೇಡಿ, ಬಸ್ಸಿನ ವೇಳೆ ಬದಲಾದರೆ ಮಾತ್ರ ಅದೇ ದಿನ ತಿದ್ದಿ.